ಹುಳುವಿನ ಮೇಲೆ ಹೊರಿಸಿದ ಅಪವಾದ

ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, "ಮೇಷ್ಟ್ರೇ, ಹಿಂದೆ ಇಲ್ಲಿನ ಬೆಟ್ಟದ ಕಾಡು ಒಣಗಿದ್ದು ಒಂದು ಪತಂಗದ ಹುಳುವಿನಿಂದಂತೆ, ನಿಜವೇ?" ಎಂದು ಕೇಳಿದ್ದಾಳೆ. ಅಲ್ಲವೆಂಬುದು ನನ್ನ ಅಭಿಪ್ರಾಯ. ಕಾರಣವನ್ನು ನಿಮ್ಮೆಲ್ಲರಿಗಾಗಿ ಬರೆಯುತ್ತಿದ್ದೇನೆ.

ಅದು ಭೂತ ಪತಂಗಗಳ ಕುಟುಂಬಕ್ಕೆ ಸೇರಿದುದು. ವೈಜ್ಞಾನಿಕ ನಾಮ ಕಾರ್ಷೆಲ್ಟೆಲ್ಲಸ್ ಗ್ರಾಸಿಲಿಸ್. (ನಮ್ಮ ಪಶ್ಚಿಮ ಘಟ್ಟದಲ್ಲಿ ಎಳೆಯ ತೇಗದ ಕಾಂಡ ಕೊರೆಯುವ ಹುಳು ಇದರ ದಾಯಾದಿ.) ಮುಸ್ಸಂಜೆಯಲ್ಲಿ ರಭಸದಿಂದ ಹಾರುವ ಪ್ರೌಢ ಪತಂಗ ಏನನ್ನೂ ತಿನ್ನದು, ತಿನ್ನಲು ತಕ್ಕ ಬಾಯಿಯೇ ಅದಕ್ಕಿಲ್ಲ. ತಿನ್ನುವುದೆಲ್ಲ ಮರಿಹುಳುವಿನ ಪಾಲು. ಅದರ ಜೀವನಚಕ್ರ ಎರಡು ವರ್ಷದ್ದು. ಬಹುಪಾಲು ಮಣ್ಣಿನೊಳಗೇ ಕಳೆಯುತ್ತ ಸ್ಪ್ರೂಸ್ ಮತ್ತು ಫರ್ ಮರಗಳ ಬೇರುಗಳನ್ನು ಮೇಯುತ್ತದೆ. ಇದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಕಾಲಕ್ರಮವನ್ನು ನೋಡಿ. ಕ್ಯಾಮೆಲ್ಸ್ ಹಂಪ್ ಎಂಬ ಬೆಟ್ಟದಲ್ಲಿ 1960ರ ದಶಕದ ಮಧ್ಯದಲ್ಲಿದ್ದ ಕೆಂಪು ಸ್ಪ್ರೂಸ್ ಮರಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು 1979ರ ವೇಳೆಗೆ ಇರಲಿಲ್ಲ. ವರ್ಮಾಂಟ್ ವಿಶ್ವವಿದ್ಯಾನಿಲಯದ ಹ್ಯೂಬರ್ಟ್ ಫೋಗೆಲ್‌ಮನ್ ಆಮ್ಲಮಳೆಯತ್ತ ಬೆರಳು ತೋರಿದರು. ಕಲ್ಲಿದ್ದಲು ಸುಡುವ ಸ್ಥಾವರಗಳ ಗಂಧಕದ ಹೊಗೆ ಮಳೆಯಲ್ಲಿ, ಮಂಜಿನಲ್ಲಿ ಬೆರೆತು ಬೆಟ್ಟದ ತಲೆಗೆ ಸುರಿಯುತ್ತಿತ್ತು. ಆಮ್ಲವು ಮಣ್ಣಿನಿಂದಲೂ ಎಲೆಯಿಂದಲೂ ಕ್ಯಾಲ್ಸಿಯಂ ಅನ್ನು ತೊಳೆದೊಯ್ಯುತ್ತದೆ. ಮಣ್ಣಿನಲ್ಲಿ ಅಡಗಿದ ಅಲ್ಯೂಮಿನಿಯಂ ಅನ್ನು ಕರಗಿಸಿ ಬೇರಿಗೆ ತೊಡಕು ತರುತ್ತದೆ. ಕ್ಯಾಲ್ಸಿಯಂ ಕಡಿಮೆಯಾದ ಸೂಜಿಯೆಲೆ ಚಳಿಗಾಲದ ಹಿಮಕ್ಕೆ ತಡೆಯದೆ ಕೆಂಪಗೆ ಸುಟ್ಟಂತಾಗಿ ಉದುರುತ್ತದೆ. ಹೀಗೆ ಸೊರಗಿದ ಮರದ ಬೇರನ್ನು ಹುಳು ಮೇದಾಗ, ಹೊಸ ಬೇರು ಬಿಡಲು ಬೇಕಾದ ಸತ್ತ್ವ ಅದರಲ್ಲಿ ಉಳಿದಿರುವುದಿಲ್ಲ. ಗಟ್ಟಿಮುಟ್ಟಾದ ಮರ ಅಷ್ಟನ್ನು ಸಹಿಸಿಕೊಳ್ಳಬಲ್ಲದು. 1980ರ ದಶಕದಲ್ಲಿ ಈ ಹುಳುವನ್ನು ಅಭ್ಯಸಿಸಿದ ಕೀಟಶಾಸ್ತ್ರಜ್ಞರು ಕಾಡಿನ ಅವನತಿಯಲ್ಲಿ ಇದರ ಪಾಲೆಷ್ಟು ಎಂದು ವಿಚಾರಿಸಿದರು. ಆ ವಿಚಾರಣೆ ನ್ಯಾಯವಾದದ್ದೇ. ಅದನ್ನೇ ತೀರ್ಪೆಂದು ತಿಳಿದು "ಹುಳುವೇ ಕೊಂದಿತು" ಎನ್ನುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಹುಳುವಿಗೆ ಔಷಧ ಸಿಂಪಡಿಸಿಬಿಡಬಹುದು, ಹೊಗೆ ನಿಲ್ಲಿಸುವುದು ಕಷ್ಟದ ಕೆಲಸ. ಹಾಗಾಗಿ ಇಂಥ ಮಾತು ಬೇಗ ರುಚಿಸುತ್ತದೆ.

ನಮ್ಮ ಹಳೆಯ ಪಠ್ಯಗಳಲ್ಲಿ ಕೀಟಗಳಿಗೆ ಉಪಕಾರಿ, ಅಪಕಾರಿ ಎಂಬ ಎರಡೇ ಪಟ್ಟಿಗಳಿರುತ್ತಿದ್ದವು. ಈ ಪತಂಗವನ್ನು ನಾನು ಯಾವುದಕ್ಕೂ ಸೇರಿಸಲಾರೆ. ಅದರ ಆಹಾರವಿರುವ ಮಣ್ಣಿನಲ್ಲಿಯೇ ಅದನ್ನು ಕೊಲ್ಲುವ ಶಿಲೀಂಧ್ರಗಳೂ ಇವೆ.

1990ರಲ್ಲಿ ಅಮೆರಿಕ ತನ್ನ ಶುದ್ಧವಾಯು ಕಾಯ್ದೆಗೆ ತಿದ್ದುಪಡಿ ತಂದು ಗಂಧಕದ ಹೊಗೆಗೆ ಮಿತಿ ಹಾಕಿತು. ಈ ಶತಮಾನದಲ್ಲಿ ಕೆಂಪು ಸ್ಪ್ರೂಸ್ ಮತ್ತೆ ಚುರುಕಾಗಿ ಬೆಳೆಯತೊಡಗಿದೆ. ಚಳಿಗಾಲಗಳು ಬೆಚ್ಚಗಾಗಿರುವುದೂ ಅದಕ್ಕೆ ಒಂದು ಕಾರಣವೆನ್ನುತ್ತಾರೆ. ಪತಂಗ ಈಗಲೂ ಆ ಕಾಡುಗಳಲ್ಲಿದೆ. ಮಣ್ಣು ಕಳೆದುಕೊಂಡ ಕ್ಯಾಲ್ಸಿಯಂ ಮಾತ್ರ ಇನ್ನೂ ಪೂರ್ತಿಯಾಗಿ ಮರಳಿಲ್ಲ.