ಬೆನ್ನು ನೋಡದೆ ಬೆಲೆ ಕಟ್ಟಬೇಡಿ

2022ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ಒಂದು ತುಂಡು ರಟ್ಟು 72.5 ಲಕ್ಷ ಡಾಲರಿಗೆ ಮಾರಾಟವಾಯಿತು. ಅಗಲ ಒಂದೂವರೆ ಇಂಚಿಗೂ ಕಮ್ಮಿ, ಉದ್ದ ಎರಡೂಮುಕ್ಕಾಲು ಇಂಚಿಗೂ ಕಮ್ಮಿ. ಅದರ ಮೇಲೆ ಹೋನಸ್ ವ್ಯಾಗ್ನರ್ ಎಂಬ ಬೇಸ್‌ಬಾಲ್ ಆಟಗಾರನ ಚಿತ್ರ. ಸುಮಾರು 1909ರಲ್ಲಿ ಸಿಗರೇಟು ಪ್ಯಾಕಿನ ಜೊತೆ ಪುಕ್ಕಟೆಯಾಗಿ ಕೊಟ್ಟದ್ದು! ಆ ದುಡ್ಡಿಗೆ ನಮ್ಮ ಮುಂಬೈಯಲ್ಲೂ ಒಂದಲ್ಲ, ಸಾಲಾಗಿ ಒಳ್ಳೊಳ್ಳೆ ಫ್ಲಾಟುಗಳೇ ಬರುತ್ತವೆ.

ಇಂಥ ಸುದ್ದಿ ಓದಿದಾಗ ನಾವೆಲ್ಲ ಎರಡರಲ್ಲಿ ಒಂದು ಮಾತು ಆಡುತ್ತೇವೆ. ಒಂದು, "ದುಡ್ಡು ಹೆಚ್ಚಾದವರ ಹುಚ್ಚು". ಇನ್ನೊಂದು, "ಅಯ್ಯೋ, ನಮ್ಮಜ್ಜ ಇಂಥದ್ದೊಂದು ಎತ್ತಿಡಬಾರದಿತ್ತೇ!" ನನ್ನ ತಕರಾರು ಎರಡರ ಮೇಲೂ ಇದೆ. ಈ ಕಾರ್ಡುಗಳ ನಿಜವಾದ ಸ್ವಾರಸ್ಯ ವ್ಯಾಗ್ನರನ ಮುಖದಲ್ಲೂ ಇಲ್ಲ, ಡಾಲರಿನ ಸೊನ್ನೆಗಳಲ್ಲೂ ಇಲ್ಲ. ಅದಿರುವುದು ಕಾರ್ಡಿನ ಬೆನ್ನಲ್ಲಿ. ಅದನ್ನು ಓದಿ ತೋರಿಸಿದವರೂ ಪ್ರೊಫೆಸರುಗಳಲ್ಲ. ನಮ್ಮ ನಿಮ್ಮ ಹಾಗೆ ಆಫೀಸು ಮುಗಿಸಿ ಬಂದು ಊಟವಾದ ಮೇಲೆ ಭೂತಗನ್ನಡಿ ಹಿಡಿದು ಕೂತವರು.

ಬೇಸ್‌ಬಾಲ್ ಬಗ್ಗೆ ನನಗೇನೂ ಗೊತ್ತಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಆದರೆ ಮುಂಬೈಗೆ ಬಂದಾಗಿನಿಂದ ಇಪ್ಪತ್ತೈದು ವರ್ಷ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಲೆಕ್ಕ ಬರೆದವನು ನಾನು. ಬಣ್ಣ ಸರಿದ ಹಾಳೆ, ಕಟಿಂಗ್ ತಪ್ಪಿದ ಹಾಳೆ, ಗೀರು ಬಿದ್ದ ಪ್ಲೇಟು, ಎಲ್ಲವನ್ನೂ 'ವೇಸ್ಟೇಜ್' ಕಾಲಮಿಗೆ ಹಾಕಿ ಕೈ ತೊಳೆದುಕೊಳ್ಳುವುದೇ ನನ್ನ ಕೆಲಸವಾಗಿತ್ತು. ಆದ್ದರಿಂದಲೇ ಈ ಕಥೆ ನನಗೆ ಹಿಡಿಸಿತು. ಯಾಕೆಂದರೆ ಇಲ್ಲಿ ವೇಸ್ಟೇಜೇ ಸಾಕ್ಷಿ.

ವಿಷಯಕ್ಕೆ ಬರೋಣ. ಈ ಕಾರ್ಡುಗಳನ್ನು ಸಂಗ್ರಹಕಾರರು ಟಿ-206 ಅಂತ ಕರೆಯುತ್ತಾರೆ. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ಹೊರಡಿಸಿದ ಸರಣಿ ಇದು. ಹೆಸರುವಾಸಿಯಾದ ವ್ಯತ್ಯಾಸಗಳನ್ನೂ ಸೇರಿಸಿ ಒಟ್ಟು 524 ಕಾರ್ಡು ಅಂತ ಎಣಿಸುವುದು ರೂಢಿ. ಮುಂದೆ ಆಟಗಾರನ ಚಿತ್ರ, ಹಿಂದೆ ಸಿಗರೇಟಿನ ಜಾಹೀರಾತು. ಪೀಡ್ಮಾಂಟ್, ಸ್ವೀಟ್ ಕ್ಯಾಪೊರಲ್, ಸಾವರಿನ್, ಓಲ್ಡ್ ಮಿಲ್, ಸೈಕಲ್, ಡ್ರಮ್, ಲೆನಾಕ್ಸ್, ಪೋಲಾರ್ ಬೇರ್... ಹೀಗೆ ಹದಿನಾರು ಬ್ರಾಂಡು. ಅದರಲ್ಲಿ ಒಂದರ ಹೆಸರು 'ಹಿಂದೂ'! ಇನ್ನೊಂದರ ಹೆಸರು 'ಟಾಲ್‌ಸ್ಟಾಯ್'. ಹೊಗೆಸೊಪ್ಪಿನ ವಿರುದ್ಧ ಪ್ರಬಂಧವನ್ನೇ ಬರೆದ ಆ ಮುದುಕ ಇನ್ನೂ ಬದುಕಿದ್ದಾಗಲೇ ಅಮೆರಿಕದಲ್ಲಿ ಆ ಹೆಸರಲ್ಲಿ ಸಿಗರೇಟು ಸುಡುತ್ತಿದ್ದರು, ನೋಡಿ ವ್ಯಾಪಾರದ ಚಂದ.

ಒಂದೇ ಆಟಗಾರನ ಒಂದೇ ಚಿತ್ರ ಬೇರೆ ಬೇರೆ ಬ್ರಾಂಡಿನ ಬೆನ್ನು ಹೊತ್ತು ಸಿಗುತ್ತದೆ. ಪೀಡ್ಮಾಂಟ್ ಮತ್ತು ಸ್ವೀಟ್ ಕ್ಯಾಪೊರಲ್ ಬೆನ್ನುಗಳು ರಾಶಿ ರಾಶಿ. ಡ್ರಮ್, ಉಜಿಟ್, ಬ್ರಾಡ್ ಲೀಫ್ ಬೆನ್ನುಗಳು ತೀರಾ ಅಪರೂಪ. 'ಹಿಂದೂ'ವಿನಲ್ಲೇ ಕಂದು ಶಾಯಿಯದು ಒಂದು ಮಟ್ಟಿಗೆ ಸಿಗುತ್ತದೆ, ಕೆಂಪು ಶಾಯಿಯದು ಕಷ್ಟ. ಟೈ ಕಾಬ್ ಎಂಬ ಆಟಗಾರನ ಹೆಸರಲ್ಲೇ ಒಂದು ಹೊಗೆಸೊಪ್ಪು ಇತ್ತು. ಮುಂದೂ ಅವನೇ, ಹಿಂದೂ ಅವನ ಹೆಸರೇ ಇರುವ ಕಾರ್ಡು 2016ರ ತನಕ ಲೋಕಕ್ಕೆ ಗೊತ್ತಿದ್ದದ್ದು ಹದಿನೈದರ ಆಸುಪಾಸು. ಆ ವರ್ಷ ಅಮೆರಿಕದ ದಕ್ಷಿಣದ ಒಂದು ಹಳ್ಳಿಮನೆಯಲ್ಲಿ ಮುತ್ತಜ್ಜನ ಕಾಲದ ಸಾಮಾನು ಖಾಲಿ ಮಾಡುತ್ತಿದ್ದವರಿಗೆ, ಕಸಕ್ಕೆ ಹೋಗಬೇಕಿದ್ದ ಮುದುಡಿದ ಕಾಗದದ ಚೀಲವೊಂದರಲ್ಲಿ ಒಟ್ಟಿಗೆ ಏಳು ಸಿಕ್ಕವು!

ಸರಿ, ಅಪರೂಪದ್ದು ಸಿಕ್ಕರೆ ದುಡ್ಡು. ಆದರೆ ಬೆನ್ನಿನಿಂದ ತಿಳಿಯುವುದೇನು?

ತುಂಬಾ ತಿಳಿಯುತ್ತದೆ. ಆಗ ತಂಬಾಕಿನ ಮೇಲಿನ ತೆರಿಗೆಗಾಗಿ ಪ್ರತಿ ಕಾರ್ಖಾನೆಗೂ ಒಂದು ನಂಬರು, ಒಂದು ಜಿಲ್ಲೆ ಇರುತ್ತಿತ್ತು. ಕಾರ್ಡಿನ ಹಿಂದೆ ಅದೂ ಅಚ್ಚಾಗಿದೆ: ವರ್ಜೀನಿಯಾದ 25ನೇ ನಂಬರಿನ ಕಾರ್ಖಾನೆ, ನ್ಯೂಯಾರ್ಕಿನ 30ನೇ ನಂಬರಿನ ಕಾರ್ಖಾನೆ, ಹೀಗೆ. ಅಲ್ಲಿಗೆ ಯಾವ ಕಾರ್ಡು ಯಾವ ಊರಿನ ಪ್ಯಾಕಿಗೆ ಹೋಯಿತು ಅಂತ ಗೊತ್ತಾಯಿತು. '150 ಚಿತ್ರಗಳು', '350 ಚಿತ್ರಗಳು', '460 ಚಿತ್ರಗಳು' ಅಂತಲೂ ಬರೆದಿದೆ. ಅಲ್ಲಿಗೆ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದಕ್ಕೂ ಸುಳಿವು ಸಿಕ್ಕಿತು.

ಶೆರಿ ಮಗೀ ಎಂಬ ಆಟಗಾರನ ಒಂದು ಕಾರ್ಡಿನಲ್ಲಿ ಹೆಸರಿನ ಸ್ಪೆಲಿಂಗು ತಪ್ಪಾಗಿದೆ, ಕೊನೆಯ ಎರಡು ಅಕ್ಷರದಲ್ಲಿ ಒಂದು 'ಇ' ಹೋಗಿ 'ಐ' ಬಂದಿದೆ. ಈ ತಪ್ಪು ಇರುವುದು ಪೀಡ್ಮಾಂಟ್ 150ರ ಬೆನ್ನಿರುವ ಕಾರ್ಡುಗಳಲ್ಲಿ ಮಾತ್ರ. ಮಿಕ್ಕ ಬ್ರಾಂಡುಗಳಲ್ಲೆಲ್ಲ ಹೆಸರು ಸರಿಯಾಗಿದೆ. ಹಾಗಾದರೆ ಏನರ್ಥ? ಮೊದಲು ಅಚ್ಚಿಗೆ ಹೋದದ್ದು ಪೀಡ್ಮಾಂಟ್. ಯಾರೋ ಪುಣ್ಯಾತ್ಮ ಪ್ರೂಫ್ ನೋಡಿ ತಿದ್ದಿದ ಮೇಲೆ ಮಿಕ್ಕವು. ಇನ್ನೂ ಇಬ್ಬರಿದ್ದಾರೆ, ಡೆಮಿಟ್ ಮತ್ತು ಓ'ಹಾರಾ. ಇಬ್ಬರೂ ನ್ಯೂಯಾರ್ಕಿನ ತಂಡಗಳಿಂದ ಸೇಂಟ್ ಲೂಯಿಸ್ ತಂಡಗಳಿಗೆ ಹೋದವರು. ಸೇಂಟ್ ಲೂಯಿಸ್ ಅಂತ ತಿದ್ದಿದ ಅವರ ಕಾರ್ಡು ಪೋಲಾರ್ ಬೇರ್ ಬೆನ್ನಿನಲ್ಲಿ ಮಾತ್ರ ಸಿಗುತ್ತದೆ. ಅಂದರೆ ಆ ತಿದ್ದುಪಡಿಯ ಹೊತ್ತಿಗೆ ಮಿಕ್ಕ ಬ್ರಾಂಡಿನವು ಅಚ್ಚಾಗಿ ಹೋಗಿದ್ದವು ಅಂತ ಊಹಿಸಬಹುದು. ಕಂಪನಿಯ ಕಡತ ಕೈಯಲ್ಲಿಲ್ಲದೆ, ಬರೀ ಮುಂದೂ ಹಿಂದೂ ಹೊಂದಿಸಿ ನೋಡಿಯೇ ಇಷ್ಟು!

ಎಲ್ಲಕ್ಕಿಂತ ನನಗೆ ಬೆರಗಾದದ್ದು ಗೀರುಗಳ ಕಥೆ. ಈ ಕಾರ್ಡುಗಳು ಕಲ್ಲಚ್ಚಿನ ವಿಧಾನದಲ್ಲಿ, ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಅಚ್ಚು ಹಾಕಿ, ದೊಡ್ಡ ಹಾಳೆಯ ಮೇಲೆ ಒಟ್ಟಿಗೆ ಮುದ್ರಣವಾದವು. ಆಮೇಲೆ ಕತ್ತರಿಸಿದರು. ಕತ್ತರಿಸದ ಒಂದು ಪೂರ್ತಿ ಹಾಳೆಯೂ ಇವತ್ತಿಗೆ ಉಳಿದಿಲ್ಲ. ವ್ಯಾಗ್ನರನೂ ಸೇರಿ ಐವರಿರುವ ಒಂದು ಪ್ರೂಫ್ ಪಟ್ಟಿ ಉಳಿದಿದೆ, ಅಷ್ಟೆ. ಹಾಗಾದರೆ ಹಾಳೆಯಲ್ಲಿ ಯಾರ ಪಕ್ಕ ಯಾರಿದ್ದರು ಅಂತ ಹೇಗೆ ತಿಳಿಯುವುದು?

ಪೀಡ್ಮಾಂಟ್ 150ರ ಹಿಂಬದಿ ಅಚ್ಚಿನ ಪ್ಲೇಟುಗಳಿಗೆ ಉದ್ದುದ್ದ ಗೀರುಗಳು ಬಿದ್ದಿದ್ದವು. ಗೀರು ಕಾರ್ಡಿನ ಗಡಿ ನೋಡಿ ನಿಲ್ಲುವುದಿಲ್ಲವಲ್ಲ! ಒಂದು ಕಾರ್ಡಿನ ಬಲ ಅಂಚಿನಲ್ಲಿ ಹೊರಟ ಗೀರು ಪಕ್ಕದ ಕಾರ್ಡಿನ ಎಡ ಅಂಚಿನಲ್ಲಿ ಅದೇ ಎತ್ತರದಲ್ಲಿ ಒಳಬರುತ್ತದೆ. ಕೂದಲೆಳೆಯಷ್ಟು ಸಣ್ಣ ಗೆರೆ. ಅದನ್ನೇ ಹಿಡಿದು, ಬೇರೆ ಬೇರೆ ಊರಿನವರು ತಮ್ಮಲ್ಲಿದ್ದ ಕಾರ್ಡುಗಳ ಹಿಂಬದಿಯ ಚಿತ್ರ ಹಂಚಿಕೊಂಡು, ಒಡೆದ ಮಡಕೆಯ ಚೂರು ಜೋಡಿಸಿದ ಹಾಗೆ ಹಾಳೆಯ ಭಾಗಗಳನ್ನು ಮತ್ತೆ ಕಟ್ಟಿದರು. ಕತ್ತರಿ ತಪ್ಪಿದ ಕಾರ್ಡುಗಳೂ ನೆರವಿಗೆ ಬಂದವು. ಮೇಲಿನ ಅಂಚಿನಲ್ಲಿ ಮೇಲಿನ ಕಾರ್ಡಿನ ಹೆಸರು ಅರ್ಧ ಉಳಿದುಕೊಂಡಿರುತ್ತದೆ. ಎಷ್ಟೋ ಸಲ ಮೇಲೂ ಕೆಳಗೂ ಒಂದೇ ಹೆಸರು. ಅಂದರೆ ಹಾಳೆಯಲ್ಲಿ ಒಬ್ಬನೇ ಆಟಗಾರ ಒಂದರ ಕೆಳಗೊಂದು ನಿಂತಿದ್ದ. ಅಲ್ಲೊಂದು ಇಲ್ಲೊಂದರಲ್ಲಿ ಎರಡು ಬೇರೆ ಹೆಸರು. ಅದು ಇನ್ನೂ ದೊಡ್ಡ ಸುಳಿವು.

ಗಮನಿಸಿ, ಇಲ್ಲಿ ಸಾಕ್ಷಿ ಹೇಳಿದ್ದು ಯಾವ ಕಾರ್ಡುಗಳು? ಗೀರು ಬಿದ್ದದ್ದು, ವಕ್ರವಾಗಿ ಕತ್ತರಿಸಿದ್ದು, ಸ್ಪೆಲಿಂಗ್ ತಪ್ಪಿದ್ದು. ಅಂದವಾಗಿ ನಾಲ್ಕೂ ಮೂಲೆ ಚೂಪಾಗಿರುವ ಕಾರ್ಡು ಈ ವಿಷಯದಲ್ಲಿ ಮೂಕ.

ಮಾರುಕಟ್ಟೆ ಮಾತ್ರ ಹೆಚ್ಚಾಗಿ ದುಡ್ಡು ಸುರಿಯುವುದು ಆ ಮೂಕನ ಮೇಲೆ. ನನ್ನ ನಿಜವಾದ ಸಿಟ್ಟು ಇಲ್ಲಿದೆ. ಮೂಲೆ ಎಷ್ಟು ಚೂಪು, ಅಂಚು ಎಷ್ಟು ನೇರ ಅಂತ ಮಾರ್ಕು ಕೊಟ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲು ಮಾಡುವ ಪದ್ಧತಿ ಬಂತು. ಮಾರ್ಕು ಹೆಚ್ಚಾದಷ್ಟೂ ಬೆಲೆ. ಆಗ ಏನಾಗುತ್ತದೆ ಅಂತ ಹೇಳಲು ಜ್ಯೋತಿಷಿ ಬೇಕಿಲ್ಲ. ಎಲ್ಲಕ್ಕಿಂತ ಹೆಸರಾದ ವ್ಯಾಗ್ನರ್ ಕಾರ್ಡನ್ನೇ ನೋಡಿ. 1991ರಲ್ಲಿ ಹಾಕಿ ಆಟಗಾರ ವೇನ್ ಗ್ರೆಟ್‌ಸ್ಕಿ ಮತ್ತು ಬ್ರೂಸ್ ಮೆಕ್‌ನಾಲ್ ಸೇರಿ 4,51,000 ಡಾಲರಿಗೆ ಕೊಂಡರು. 2007ರಲ್ಲಿ ಅದೇ ಕಾರ್ಡು 28 ಲಕ್ಷ ಡಾಲರಿಗೆ ಹೋಯಿತು. ಇಷ್ಟು ಹಳೆಯದಾದರೂ ಅಂಚು ಹೊಸದರಂತಿದೆ ಅನ್ನುವುದೇ ಅದರ ಹೆಗ್ಗಳಿಕೆ. 2013ರಲ್ಲಿ ಬಿಲ್ ಮಾಸ್ಟ್ರೊ ಎಂಬ ಹರಾಜುದಾರ ನ್ಯಾಯಾಲಯದಲ್ಲಿ ಒಪ್ಪಿಕೊಂಡ: ಆ ಅಂಚನ್ನು ನಾನೇ ಕತ್ತರಿಸಿದ್ದೆ ಅಂತ. ಅಂದ ಮಾಡಲು ಹೋಗಿ ಸಾಕ್ಷಿಯ ನಾಲಿಗೆ ಕತ್ತರಿಸಿದ ಹಾಗಾಯಿತು!

"ಹಾಗಾದರೆ ಅಪರೂಪದ ಬೆನ್ನಿಗೇ ಬೆಲೆ ಕೊಡಲಿ, ಸರಿಹೋಗುತ್ತದಲ್ಲ" ಅನ್ನಬಹುದು. ಆ ಬೆಲೆಯೂ ಏರಿದೆ. ಅದರ ಬೆನ್ನಲ್ಲೇ ಸಾಧಾರಣ ಕಾರ್ಡಿನ ಹಿಂಬದಿ ಸೀಳಿ ಬೇರೆ ಬೆನ್ನು ಅಂಟಿಸುವ ಕೈಚಳಕವೂ ಬಂದಿದೆ. ಬೆಲೆ ಎಲ್ಲಿ ಹೋಗುತ್ತದೋ ಗೋಂದು, ಕತ್ತರಿ ಅಲ್ಲಿಗೇ ಹೋಗುತ್ತವೆ. ಆದರೆ ಒಂದು ಸಮಾಧಾನ: ಯಾವ ಮುಖಕ್ಕೆ ಯಾವ ಬೆನ್ನು ಹೊಂದುತ್ತದೆ, ಯಾವುದು ಹೊಂದಲು ಸಾಧ್ಯವೇ ಇಲ್ಲ ಅಂತ ತಾಳ್ಮೆಯಿಂದ ಪಟ್ಟಿ ಮಾಡಿಟ್ಟವರಿದ್ದರೆ ಕಳ್ಳ ಸುಲಭವಾಗಿ ಸಿಕ್ಕಿಬೀಳುತ್ತಾನೆ. ಜುಜುಬಿ ಅನಿಸುವ ಪಟ್ಟಿಯೇ ಕಾವಲು ನಾಯಿ.

ಇನ್ನೊಂದು ಆಕ್ಷೇಪ ಇನ್ನೂ ಗಟ್ಟಿಯಾದದ್ದು. "ಜನರಿಗೆ ಹೊಗೆ ಕುಡಿಸಲು ಮಾಡಿದ ಜಾಹೀರಾತು, ಅದಕ್ಕೇಕೆ ಸ್ವಾಮಿ ಇಷ್ಟು ಮರ್ಯಾದೆ?" ಒಪ್ಪುತ್ತೇನೆ, ಉದ್ದೇಶ ಅದೇ. ಆದರೆ ಕೇಳಿ. ಒಂದೇ ಮುಖ, ಹದಿನಾರು ಬೆನ್ನು. ಅಂದರೆ ಪೀಡ್ಮಾಂಟ್ ಬಿಟ್ಟು ಸ್ವೀಟ್ ಕ್ಯಾಪೊರಲ್ ಹಿಡಿದೆ ಅಂತ ಬೀಗಿದ ಗಿರಾಕಿಯ ದುಡ್ಡು ಹೋದದ್ದು ಒಂದೇ ಗಲ್ಲಾಪೆಟ್ಟಿಗೆಗೆ. ಅಮೆರಿಕದ ಸುಪ್ರೀಂ ಕೋರ್ಟು 1911ರ ಮೇ ತಿಂಗಳಲ್ಲಿ ಈ ಕಂಪನಿಯನ್ನು ಏಕಸ್ವಾಮ್ಯದ ಕೂಟ ಅಂತ ಕರೆದು ಒಡೆಯಲು ಹೇಳಿತು. ಆ ತೀರ್ಪು ಓದದವರಿಗೂ ಈ ಕಾರ್ಡು ತಿರುಗಿಸಿದರೆ ವಿಷಯ ಅರ್ಥವಾಗುತ್ತದೆ. ನಮಗೂ ಅದು ತೀರಾ ದೂರದ್ದಲ್ಲ. ಇದೇ ಕಂಪನಿ 1902ರಲ್ಲಿ ಇಂಗ್ಲೆಂಡಿನ ಇಂಪೀರಿಯಲ್ ಟೊಬ್ಯಾಕೊ ಜೊತೆ ಸೇರಿ ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ ಕಟ್ಟಿತು. ಆ ಮನೆತನದ ಕೂಸೇ 1910ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಇಂಪೀರಿಯಲ್ ಟೊಬ್ಯಾಕೊ ಕಂಪನಿ ಆಫ್ ಇಂಡಿಯಾ, ಅಂದರೆ ನಮ್ಮೆಲ್ಲರಿಗೂ ಗೊತ್ತಿರುವ ಐಟಿಸಿ.

ಇನ್ನು ಈ ಕೆಲಸಕ್ಕೆ ಅಡಿಪಾಯ ಹಾಕಿದವನ ಮಾತು. ಜೆಫರ್ಸನ್ ಬರ್ಡಿಕ್, ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ಊರಿನವನು. ಕಾರ್ಖಾನೆಯಲ್ಲಿ ಬಿಡಿಭಾಗ ಜೋಡಿಸುವ ಕೆಲಸ, ಸಂಧಿವಾತದಿಂದ ಕೈಬೆರಳು ಮಡಚಲೂ ಕಷ್ಟ. 1939ರಲ್ಲಿ ಕಾರ್ಡುಗಳ ಮೊದಲ ಕ್ಯಾಟಲಾಗು ಹೊರತಂದ. ಟಿ-206 ಅನ್ನುವ ಹೆಸರು ಅವನ ಕ್ಯಾಟಲಾಗಿನದ್ದೇ. ಮೂರು ಲಕ್ಷಕ್ಕೂ ಹೆಚ್ಚು ಕಾಗದದ ವಸ್ತುಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಪುಕ್ಕಟೆಯಾಗಿ ಕೊಟ್ಟು, ತಾನೇ ಹೋಗಿ ಕೂತು ಆಲ್ಬಮ್ಮುಗಳಿಗೆ ಅಂಟಿಸಿ, 1963ರಲ್ಲಿ ಆ ಕೆಲಸ ಮುಗಿಸಿದ ಕೆಲವೇ ವಾರಗಳಲ್ಲಿ ತೀರಿಕೊಂಡ. ಎಂಥ ಜೀವ! ಆದರೂ ಒಂದು ಮಾತು ಹೇಳದೆ ಇರಲಾರೆ. ಹಾಳೆಗೆ ಅಂಟಿಸಿದ ಕಾರ್ಡಿನ ಬೆನ್ನು ಯಾರಿಗೂ ಕಾಣುವುದಿಲ್ಲ. ಅಷ್ಟು ದೊಡ್ಡ ಮನುಷ್ಯನೂ ತನ್ನ ಕಾಲಕ್ಕೆ ಮುಖ್ಯ ಅನಿಸಿದ ಮಗ್ಗುಲನ್ನೇ ಮೇಲೆ ಮಾಡಿದ. ನಾಳೆಯವರಿಗೆ ಯಾವ ಮಗ್ಗುಲು ಬೇಕಾಗುತ್ತದೆ ಅಂತ ಇವತ್ತು ಯಾರಿಗೂ ತಿಳಿಯದು. ಅದಕ್ಕೇ ಎರಡೂ ಮಗ್ಗುಲು ಉಳಿಸಬೇಕು ಅನ್ನುವುದು ನನ್ನ ವಾದ.

ಈಗ ನಮ್ಮ ಮನೆಯ ಮಾತು. ಹೊರನಾಡಿನಲ್ಲಿರುವ ನಾವು ಪರಂಪರೆ ಉಳಿಸುವ ಬಗ್ಗೆ ವೇದಿಕೆ ಮೇಲೆ ತುಂಬಾ ಮಾತಾಡುತ್ತೇವೆ. ಇತ್ತೀಚೆಗೆ ಇಲ್ಲಿಯ ಒಂದು ಸಂಘ ತನ್ನ ಹಳೆಯ ಸ್ಮರಣ ಸಂಚಿಕೆಗಳನ್ನೆಲ್ಲ ಸ್ಕ್ಯಾನ್ ಮಾಡಿಸಿತು. ಒಳ್ಳೆಯ ಕೆಲಸ, ಖುಷಿಯಿಂದ ನೋಡಲು ಕೂತೆ. ಕಥೆ ಇದೆ, ಕವನ ಇದೆ, ಅಧ್ಯಕ್ಷರ ಸಂದೇಶ ಇದೆ. ಜಾಹೀರಾತಿನ ಪುಟ ಒಂದೂ ಇಲ್ಲ! ಕೇಳಿದರೆ, "ಅದೇನು ಸಾಹಿತ್ಯವೇ ಮಾರಾಯ್ರೆ? ಖರ್ಚು ಉಳಿಯಿತು" ಅಂದರು.

ಅಲ್ರೀ, ಅಧ್ಯಕ್ಷರ ಸಂದೇಶ ಎಲ್ಲ ವರ್ಷವೂ ಒಂದೇ. ಯಾವ ಗಲ್ಲಿಯಲ್ಲಿ ಯಾರ ಹೋಟೆಲಿತ್ತು, ಯಾವ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ನಮ್ಮ ಹುಡುಗರು ಕಲಿತರು, ಊರಿಗೆ ಹೋಗುವ ಬಸ್ಸು ಎಲ್ಲಿಂದ ಹೊರಡುತ್ತಿತ್ತು, ಸಂಚಿಕೆ ಯಾವ ಪ್ರೆಸ್ಸಿನಲ್ಲಿ ಅಚ್ಚಾಯಿತು, ಇದೆಲ್ಲ ಇದ್ದದ್ದು ಆ ಜಾಹೀರಾತು ಪುಟಗಳಲ್ಲಿ. ನಾವು ಈ ಶಹರದಲ್ಲಿ ಬದುಕು ಕಟ್ಟಿಕೊಂಡ ದಾಖಲೆ ಅದು.

ಮನೆಯ ರವಿವರ್ಮನ ಪಟಕ್ಕೂ ನಾವು ಇದನ್ನೇ ಮಾಡುತ್ತೇವೆ. ಕಟ್ಟಿನ ಅಳತೆಗೆ ಹೊಂದಲಿ ಅಂತ ಫ್ರೇಮಿನವನು ಕೆಳಗಿನ ಬಿಳಿ ಅಂಚು ಕತ್ತರಿಸಿಬಿಡುತ್ತಾನೆ. ಪ್ರೆಸ್ಸಿನ ಹೆಸರಿನ ಜೊತೆ ಮುಂಬೈ ಅಂತಿದೆಯೋ, ಕಾರ್ಲಾ-ಲೋಣಾವಳಾ ಅಂತಿದೆಯೋ ಅನ್ನುವುದರ ಮೇಲೆ ಆ ಪಟ ಹಳೆಯದೋ ಆಮೇಲಿನದೋ ಅಂತ ಹೇಳಬಹುದಿತ್ತು. ಅಂಚು ಹೋಯಿತು, ಜೊತೆಗೆ ಅದರ ಜಾತಕವೂ ಹೋಯಿತು.

ಆದ್ದರಿಂದ ನನ್ನದೊಂದು ವಿನಂತಿ. ದೀಪಾವಳಿಗೆ ಅಟ್ಟ ಸ್ವಚ್ಛ ಮಾಡುವಾಗ ಬೆಲೆಬಾಳುವುದು ಏನಾದರೂ ಸಿಗುತ್ತದೆಯೇ ಅಂತ ಹುಡುಕಬೇಡಿ, ಸಿಗುವುದು ಕಷ್ಟ. ಸಿಕ್ಕ ಕಾಗದವನ್ನು ರದ್ದಿಯವನ ತಕ್ಕಡಿಗೆ ಹಾಕುವ ಮುನ್ನ ಒಮ್ಮೆ ತಿರುಗಿಸಿ ನೋಡಿ, ಅಷ್ಟೆ. ಸ್ಕ್ಯಾನ್ ಮಾಡುವುದಾದರೆ ರಟ್ಟಿನಿಂದ ರಟ್ಟಿಗೆ, ಜಾಹೀರಾತೂ ಸೇರಿ, ಖಾಲಿ ಪುಟವೂ ಸೇರಿ ಮಾಡಿಸಿ. ಫ್ರೇಮು ಹಾಕಿಸುವುದಾದರೆ ಅಂಚು ಮುಟ್ಟಬೇಡ ಅಂತ ನಿಂತು ಹೇಳಿ. ಕಲೆ, ಗೀರು, ತಪ್ಪು ಅಕ್ಷರ ಇದ್ದರೆ ಇರಲಿ ಬಿಡಿ. ಅಮೆರಿಕದ ಆ ಗೀರುಗಳು ಬಾಯಿ ಬಿಡಲು ಸುಮಾರು ನೂರು ವರ್ಷ ಕಾದವು. ನಮ್ಮವೂ ಕಾಯುತ್ತವೆ, ನಾವು ಕತ್ತರಿ ಹಿಡಿಯದಿದ್ದರೆ.