ಕರಿ ಚಿರತೆಗೆ ಹೆಸರಿದೆ



ಹೆಗ್ಗಡದೇವನಕೋಟೆಯಲ್ಲಿ ನನ್ನ ತರಗತಿಯಲ್ಲಿ ಕುಳಿತು ಕಲಿತು, ಈಗ ಬೆಂಗಳೂರಿನಲ್ಲಿ ಇಂಜಿನಿಯರಾಗಿರುವ ಶಿಷ್ಯನೊಬ್ಬ ಮೊನ್ನೆ ಒಂದು ಛಾಯಾಚಿತ್ರವನ್ನು ಕಳುಹಿಸಿ, "ಸಾರ್, ಇದು ನಮ್ಮ ಕೋಟೆ ತಾಲ್ಲೂಕಿನ ಕರಿ ಚಿರತೆ. ಇದರ ವಿಷಯ ನೀವು ಬರೆಯಲೇಬೇಕು" ಎಂದು ಕೇಳಿಕೊಂಡಿದ್ದಾನೆ. ಅವನು ನಿರೀಕ್ಷಿಸಿರುವುದು ಪ್ರಶಂಸೆಯನ್ನು. ನಾನು ಬರೆಯಹೊರಟಿರುವುದು ಅರ್ಧ ಪ್ರಶಂಸೆ, ಇನ್ನರ್ಧ ತಕರಾರು. ಎರಡನ್ನೂ ಆತ ಸಹಿಸಿಕೊಳ್ಳಬೇಕು.

ಆ ಚಿತ್ರವನ್ನು ನಿಮ್ಮಲ್ಲಿ ಬಹುಮಂದಿ ನೋಡಿಯೇ ಇರುತ್ತೀರಿ. 2020ರ ಜುಲೈ ತಿಂಗಳಿನಲ್ಲಿ, ನಾವೆಲ್ಲರೂ ಕೊರೋನಾ ಭಯದಿಂದ ಮನೆಯೊಳಗೆ ಕುಳಿತಿದ್ದಾಗ, ಅದು ಜಗತ್ತಿನಾದ್ಯಂತ ಹರಿದಾಡಿತು. ಮುಂದೆ ಹೊನ್ನಿನ ಬಣ್ಣದ ಹೆಣ್ಣು ಚಿರತೆ. ಅದರ ಬೆನ್ನಿಗೇ, ಅದರದೇ ನೆರಳು ಎದ್ದು ನಿಂತಂತೆ, ಕಡುಗಪ್ಪು ಗಂಡು ಚಿರತೆ. ಎರಡೂ ನಮ್ಮತ್ತಲೇ ನೋಡುತ್ತಿವೆ. ತೆಗೆದವರು ಮಿಥುನ್ ಎಚ್. ಎಂಬ ಛಾಯಾಗ್ರಾಹಕರು. ಕಬಿನಿಯ ಕಾಡಿನಲ್ಲಿ ಆ ಒಂದು ಕ್ಷಣಕ್ಕಾಗಿ ಅವರು ಆರು ದಿನ ಒಂದೇ ಎಡೆಯಲ್ಲಿ ಕಾದಿದ್ದರೆಂದು ಆಗ ಪತ್ರಿಕೆಗಳಲ್ಲಿ ಪ್ರಕಟವಾಗಿತ್ತು. ಹೆಣ್ಣಿಗೆ ಕ್ಲಿಯೋಪಾತ್ರ ಎಂದೂ ಗಂಡಿಗೆ ಸಾಯಾ ಎಂದೂ ಹೆಸರು.

ಇದೇ ಸಾಯಾನ ಹಿಂದೆ ಇನ್ನೂ ದೀರ್ಘಕಾಲ ಅಲೆದವರು ಶಾಜ್ ಜಂಗ್ ಎಂಬ ಛಾಯಾಗ್ರಾಹಕರು. ನ್ಯಾಷನಲ್ ಜಿಯೋಗ್ರಾಫಿಕ್ ವಾಹಿನಿಗಾಗಿ 2020ರಲ್ಲಿ ಹೊರಬಂದ 'ದಿ ರಿಯಲ್ ಬ್ಲ್ಯಾಕ್ ಪ್ಯಾಂಥರ್' ಎಂಬ ಸಾಕ್ಷ್ಯಚಿತ್ರಕ್ಕಾಗಿ ಅವರು ಎರಡು ವರ್ಷಕ್ಕೂ ಮಿಕ್ಕಿ ಈ ಒಂದು ಪ್ರಾಣಿಯ ಬೆನ್ನು ಹತ್ತಿದ್ದರು. ಮನುಷ್ಯನೊಬ್ಬ ತನ್ನ ಯೌವನದ ವರ್ಷಗಳನ್ನು ಒಂದೇ ಮುಖವನ್ನು ನೋಡುವುದಕ್ಕೆ ಮೀಸಲಿಡುವುದು ಸಾಮಾನ್ಯ ಸಂಗತಿಯಲ್ಲ. ನಮ್ಮಲ್ಲಿ ಹೆತ್ತ ತಾಯಿಯ ಮುಖವನ್ನಾದರೂ ಅಷ್ಟು ನಿಟ್ಟಿಸಿ ನೋಡಿದವರು ಎಷ್ಟು ಜನ?

ಭಾಷೆ ಕಲಿಸಿದವನಾದ್ದರಿಂದ ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾರೆ. 'ಸಾಯಾ' ಎಂದರೆ ಹಿಂದಿಯಲ್ಲಿ ನೆರಳು. ಪಾರಸಿಯಿಂದ ಬಂದ ಈ ಶಬ್ದವೂ ಸಂಸ್ಕೃತದ 'ಛಾಯಾ' ಶಬ್ದವೂ ಒಂದೇ ಬೇರಿನ ಎರಡು ಕವಲುಗಳು. ಕನ್ನಡದಲ್ಲಿ ಫೋಟೋಗೆ ನಾವು ಛಾಯಾಚಿತ್ರವೆನ್ನುತ್ತೇವೆ. ಹೀಗಾಗಿ ಕಬಿನಿಯಲ್ಲಿ ನಡೆದದ್ದು ಛಾಯೆಯ ಛಾಯಾಚಿತ್ರಣ! ಹೆಸರಿಟ್ಟವರಿಗೆ ಈ ಚಮತ್ಕಾರ ಹೊಳೆದಿತ್ತೋ ಇಲ್ಲವೋ ಕಾಣೆ.

ಕಪ್ಪು ಚಿರತೆಯೆಂಬುದು ಬೇರೆ ಜಾತಿಯ ಪ್ರಾಣಿಯಲ್ಲ. ಕಿಪ್ಲಿಂಗನ ಬಘೀರನೂ ಚಿರತೆಯೇ. ತಂದೆತಾಯಿ ಇಬ್ಬರಿಂದಲೂ ಒಂದು ವಿಶಿಷ್ಟ ವಂಶವಾಹಿಯನ್ನು ಪಡೆದ ಮರಿ ಮಾತ್ರ ಹೀಗೆ ಕಪ್ಪಾಗಿ ಹುಟ್ಟುತ್ತದೆ. ಮೈಮೇಲಿನ ಚುಕ್ಕೆಗಳು ಅಳಿಸಿಹೋಗಿರುವುದಿಲ್ಲ, ಇಳಿಬಿಸಿಲು ಓರೆಯಾಗಿ ಬಿದ್ದಾಗ ಕಪ್ಪಿನೊಳಗಿನ ಕಪ್ಪಾಗಿ ಎದ್ದು ತೋರುತ್ತವೆ. ಇಂತಹ ಮೈಯನ್ನು ಚಿತ್ರದಲ್ಲಿ ಹಿಡಿಯುವುದು ಬಹು ಕಷ್ಟದ ಕೆಲಸ. ಕ್ಯಾಮೆರಾದೊಳಗಿನ ಬೆಳಕಿನ ಮೀಟರಿಗೆ ಲೋಕವೆಲ್ಲ ಬೂದುಬಣ್ಣದ್ದೆಂಬ ನಂಬಿಕೆ. ಅದು ಕಪ್ಪನ್ನು ಕಂಡೊಡನೆ "ಬೆಳಕು ಸಾಲದು" ಎಂದು ತಿಳಿದು ಹೆಚ್ಚು ಬೆಳಕನ್ನು ಒಳಗೆ ಬಿಟ್ಟು, ಕಪ್ಪನ್ನು ಮಾಸಲು ಬೂದಿಯಾಗಿಸುತ್ತದೆ. ಸುತ್ತಲಿನ ಹಸಿರಿಗೆ ಹೊಂದಿಸಿದರೆ ಪ್ರಾಣಿಯು ಮಸಿಯ ಮುದ್ದೆಯಾಗುತ್ತದೆ. ಇವೆರಡರ ನಡುವಣ ಹದವನ್ನು ಕಂಡುಕೊಳ್ಳಲು ಅದೇ ಪ್ರಾಣಿಯನ್ನು ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಋತುವಿನಲ್ಲಿ ಮತ್ತೆ ಮತ್ತೆ ನೋಡಬೇಕು. ಕಡವೆ ಕೂಗಿದ ದಿಕ್ಕು, ಮರದ ತುದಿಯಲ್ಲಿ ಮುಸುವ ಕೊಟ್ಟ ಎಚ್ಚರಿಕೆ, ಜಿಂಕೆಗಳು ಕಿವಿ ನಿಮಿರಿಸಿ ನಿಂತ ರೀತಿ, ಇವನ್ನೆಲ್ಲ ಓದುವುದನ್ನು ಕಲಿಯಬೇಕು. ಇದು ನಿಜಕ್ಕೂ ತಪಸ್ಸು. ಅರ್ಧ ಪ್ರಶಂಸೆ ಎಂದೆನಲ್ಲ, ಅದು ಈ ತಪಸ್ಸಿಗೆ.

ನಮ್ಮ ನಾಗರಹೊಳೆಗೆ ಈ ಬಗೆಯ ದೀರ್ಘ ನೋಟ ಹೊಸತಲ್ಲ. ಡಾ. ಉಲ್ಲಾಸ ಕಾರಂತರು (ಶಿವರಾಮ ಕಾರಂತರ ಪುತ್ರರು) 1986ರಲ್ಲಿ ಇಲ್ಲಿ ಹುಲಿಗಳ ಅಧ್ಯಯನವನ್ನು ಆರಂಭಿಸಿ, 1990ರ ದಶಕದ ಮೊದಲ ವರ್ಷಗಳಲ್ಲಿ ಕಾಡುದಾರಿಯ ಇಕ್ಕೆಲಗಳಲ್ಲಿ ತಾನೇ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ಕಟ್ಟಿದರು. ಪ್ರತಿ ಹುಲಿಯ ಪಟ್ಟೆಗಳೂ ನಮ್ಮ ಹೆಬ್ಬೆಟ್ಟಿನ ಗುರುತಿನಂತೆ ಬೇರೆ ಬೇರೆ. ಎಡಮೈಯ ಪಟ್ಟೆ ಬಲಮೈಯಲ್ಲಿರುವುದಿಲ್ಲ. ಅದಕ್ಕಾಗಿಯೇ ಎದುರು ಬದುರು ಎರಡು ಕ್ಯಾಮೆರಾ. ಹುಲಿ ನಡೆದು ಬಂದಾಗ ಅದರ ನಡಿಗೆಯೇ ಗುಂಡಿಯನ್ನು ಒತ್ತಿಸುತ್ತದೆ. ಅಲ್ಲಿ ಛಾಯಾಗ್ರಾಹಕನೇ ಇಲ್ಲ. ಒಂದೇ ಹುಲಿ ವರ್ಷ ಬಿಟ್ಟು ವರ್ಷ ಅದೇ ದಾರಿಯಲ್ಲಿ ತನ್ನ ಭಾವಚಿತ್ರವನ್ನು ತಾನೇ ತೆಗೆಸಿಕೊಂಡು ಹೋಗುತ್ತದೆ. ಹೆಜ್ಜೆಗುರುತುಗಳನ್ನು ಎಣಿಸಿ ಹುಲಿಗಳ ಲೆಕ್ಕ ಬರೆಯುತ್ತಿದ್ದ ಕಾಲ ಮುಗಿದುದು ಇಂತಹ ಚಿತ್ರಗಳ ದೆಸೆಯಿಂದ.

ಇನ್ನು ತಕರಾರಿಗೆ ಬರುತ್ತೇನೆ. ಛಾಯಾಗ್ರಾಹಕರೊಬ್ಬರು ಒಂದೇ ಮುಖವನ್ನು ವರ್ಷಗಟ್ಟಲೆ ಚಿತ್ರಿಸಿದರೆ ಅದನ್ನು ಈಗ 'ಸಹಯೋಗ' ಎಂದು ಕರೆಯುವುದು ರೂಢಿ. ಸಹಯೋಗವೆಂದರೆ ಇಬ್ಬರೂ ಕೂಡಿ ಮಾಡಿದ್ದು. ಇಬ್ಬರಲ್ಲಿ ಒಬ್ಬರಿಗೆ "ಬೇಡ" ಎನ್ನುವ ಅಧಿಕಾರವಿಲ್ಲದಿದ್ದರೆ ಆ ಹೆಸರು ಹೊಂದುವುದೇ?

ಗಾಂಧೀಜಿಯವರಿಗೆ ಮೊಮ್ಮಗನ ವರಸೆಯಾಗಬೇಕಾದ ಕನು ಗಾಂಧಿ ಎಂಬ ತರುಣ ಸೇವಾಗ್ರಾಮದಲ್ಲಿದ್ದ. ಬಾಪೂ ಚಿತ್ರಗಳನ್ನು ತೆಗೆಯುವ ಆಸೆ ಅವನಿಗೆ. ಘನಶ್ಯಾಮದಾಸ ಬಿರ್ಲಾ ಅವರು ಕೊಟ್ಟ 100 ರೂಪಾಯಿಯಲ್ಲಿ ಕ್ಯಾಮೆರಾ ಬಂತು. ಗಾಂಧೀಜಿ ಮೂರು ಷರತ್ತುಗಳನ್ನು ಹಾಕಿದರು: ಫ್ಲ್ಯಾಷ್ ಬೆಳಕನ್ನು ಬಳಸಕೂಡದು; ತಾವು ಎಂದೂ ಪೋಸು ಕೊಡುವುದಿಲ್ಲ; ಆಶ್ರಮದ ಹಣ ಇದಕ್ಕೆ ದೊರೆಯುವುದಿಲ್ಲ. ಈ ಷರತ್ತುಗಳಿಗೆ ತಲೆಬಾಗಿಯೇ ಕನು ಸುಮಾರು ಹತ್ತು ವರ್ಷ, 1948ರವರೆಗೆ, ಆ ಒಂದು ಮುಖವನ್ನು ಚಿತ್ರಿಸಿದ. ತೂಕದ ಯಂತ್ರದ ಮೇಲೆ ನಿಂತ ಗಾಂಧಿ, ನಡೆಯುವ ಗಾಂಧಿ, ಆಯಾಸದಿಂದ ಮಲಗಿದ ಗಾಂಧಿ. ಅವು ಇಂದಿಗೂ ನಮ್ಮೊಡನೆ ಮಾತನಾಡುವುದಕ್ಕೆ ಆ ಷರತ್ತುಗಳೇ ಕಾರಣವೆಂದು ನನ್ನ ಅಭಿಪ್ರಾಯ. ಚಿತ್ರಕ್ಕೊಳಗಾದವರೇ ಅಲ್ಲಿ ನಿಯಮವನ್ನು ಬರೆದವರು.

ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರು ಆರ್.ಕೆ. ನಾರಾಯಣರ ಚಿತ್ರಗಳನ್ನು ದಶಕಗಳ ಸ್ನೇಹದ ನಡುವೆ ತೆಗೆದರು. ಅಲ್ಲಿಯೂ ಅಷ್ಟೆ, ಇಬ್ಬರೂ ಸರಿಸಮಾನರು. ಹೆಚ್ಚಿನ ಮಾತು ಅನಗತ್ಯ.

ಹಾಗಾದರೆ ಕರಿ ಚಿರತೆ? ಅದಕ್ಕೆ ಮಾತಿಲ್ಲ, ಒಪ್ಪಿಗೆ ಕೇಳುವುದು ಸಾಧ್ಯವಿಲ್ಲ. ಆದರೂ "ಬೇಡ" ಎನ್ನುವ ಒಂದು ಹಕ್ಕು ಅದರ ಬಳಿ ಇದ್ದೇ ಇತ್ತು: ಎರಡು ಹೆಜ್ಜೆ ಹಿಂದೆ ಸರಿದು ಲಂಟಾನ ಪೊದೆಯೊಳಗೆ ಮಾಯವಾಗುವುದು. ಆರು ದಿನ ಕಾಯಿಸಿದ್ದೇ ಆ ಹಕ್ಕಿನ ಚಲಾವಣೆ. ಆ ಹಕ್ಕಿಗೂ ಧಕ್ಕೆ ಬರುವುದು ಒಂದು ಚಿತ್ರ ಪ್ರಸಿದ್ಧವಾದ ಮೇಲೆ. ಪ್ರಸಿದ್ಧ ಪ್ರಾಣಿಯನ್ನು ಹುಡುಕಿಕೊಂಡು ಜೀಪುಗಳು ಸಾಲುಗಟ್ಟುತ್ತವೆ. ಅದು ತಿರುಗಿದ ಕಡೆಯೆಲ್ಲ ಮಸೂರಗಳು ತಿರುಗುತ್ತವೆ. ಕಾಡಿನಂಚಿನ ಹಳ್ಳಿಗಳ ರೈತರು, ಸಫಾರಿಯ ಗದ್ದಲದಿಂದಲೇ ಹುಲಿಗಳು ಹೊಲಗಳತ್ತ ಬರುತ್ತಿವೆಯೆಂದು ದೂರುವುದನ್ನು ಕೇಳಿದ್ದೇನೆ. ಅದು ವೈಜ್ಞಾನಿಕವಾಗಿ ಎಷ್ಟು ಸರಿಯೆಂಬುದನ್ನು ತಜ್ಞರು ಹೇಳಲಿ. 2025ರ ನವೆಂಬರಿನಲ್ಲಿ ಹುಲಿದಾಳಿಗೆ ಒಬ್ಬರ ಮೇಲೊಬ್ಬರು ರೈತರು ಬಲಿಯಾದಾಗ ಸರ್ಕಾರವು ನಾಗರಹೊಳೆ, ಬಂಡೀಪುರಗಳಲ್ಲಿ ಸಫಾರಿಯನ್ನು ನಿಲ್ಲಿಸುವಂತೆ ಆಜ್ಞೆ ಮಾಡಬೇಕಾಯಿತೆಂಬುದಂತೂ ನಡೆದ ಸಂಗತಿ.

ನನ್ನ ಮುಖ್ಯ ತಕರಾರು ಇದಲ್ಲ. ಅದೇ ಕಾಡಿನಲ್ಲಿ ತಲೆತಲಾಂತರದಿಂದ ಬಾಳಿದ ಜೇನುಕುರುಬರ ವಿಷಯ ಅದು.

ಕೋಟೆ, ಹುಣಸೂರು, ಪಿರಿಯಾಪಟ್ಟಣ, ಈ ಮೂರೂ ತಾಲ್ಲೂಕುಗಳ ಶಾಲೆಗಳಲ್ಲಿ ಹಾಡಿಯ ಮಕ್ಕಳು ನನ್ನಲ್ಲಿ ಕಲಿತಿದ್ದಾರೆ. (ಕೃಷ್ಣರಾಜನಗರದಲ್ಲಿ ನಾಲೆಯ ನೀರು, ಭತ್ತದ ಗದ್ದೆ, ಅಲ್ಲಿಯ ತರಗತಿ ಬೇರೆಯೇ ಲೋಕ.) ವರ್ಷದ ಕೊನೆಯಲ್ಲಿ ಪಟ್ಟಣದಿಂದ ಸ್ಟುಡಿಯೋದವರು ಬಂದು ಗುಂಪುಚಿತ್ರ ತೆಗೆಯುತ್ತಿದ್ದರು. ಮುಂದೆ ನೆಲದ ಮೇಲೆ ಚಿಕ್ಕವರು, ಕುರ್ಚಿಯಲ್ಲಿ ನಾವು, ಹಿಂದೆ ಬೆಂಚಿನ ಮೇಲೆ ಎತ್ತರದವರು. ಪ್ರತಿಗಳು ಬಂದಾಗ ನೋಡಿದರೆ ಹಾಡಿಯ ಮಕ್ಕಳ ಮುಖದಲ್ಲಿ ಕಣ್ಣು ಹಲ್ಲುಗಳ ಹೊರತು ಬೇರೇನೂ ಮೂಡಿರುತ್ತಿರಲಿಲ್ಲ. ಬೆಳಕನ್ನು ಹೊಂದಿಸಿರುತ್ತಿದ್ದುದು ಮುಂದೆ ಕುಳಿತವರ ಬಿಳಿ ಅಂಗಿಗೆ. ಒಂಟಿ ಭಾವಚಿತ್ರವಾದರೆ ಇದಕ್ಕೆ ವಿರುದ್ಧವಾದ ಅನ್ಯಾಯ: ಮುಖಕ್ಕೆ ಪೌಡರು ಬಳಿಸುವುದು, ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಬೆಳ್ಳಗೆ ಮಾಡುವುದು. ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಗುಂಪುಚಿತ್ರವನ್ನು ಬಹಳ ಹೊತ್ತು ನೋಡಿ, "ಇದ್ರಲ್ಲಿ ನಾನೆಲ್ಲಿ ಸಾ?" ಎಂದು ಕೇಳಿದ್ದಳು. ಬೆರಳಿಟ್ಟು ತೋರಿಸಿದೆ. ಅವಳು ನಂಬಲಿಲ್ಲ.

ಕಪ್ಪು ಚಿರತೆಯ ಕಪ್ಪನ್ನು ಅರಿಯಲು ವರ್ಷಗಳನ್ನೇ ಸವೆಸಿದವರಿದ್ದಾರೆ. ಅದೇ ಕಾಡಂಚಿನ ಮನುಷ್ಯರ ಮೈಬಣ್ಣಕ್ಕೆ ತಕ್ಕ ಬೆಳಕನ್ನು ಹುಡುಕಲು ಯಾರೂ ಒಂದು ಗಳಿಗೆ ನಿಂತಂತಿಲ್ಲ. ಇದು ಆ ಇಬ್ಬರು ಛಾಯಾಗ್ರಾಹಕರ ದೋಷವಲ್ಲ. ತಮ್ಮ ಕೆಲಸವನ್ನು ಅವರು ಚೆನ್ನಾಗಿಯೇ ಮಾಡಿದ್ದಾರೆ. ಇದು ನಮ್ಮೆಲ್ಲರ ಕಣ್ಣಿನ ದೋಷ.

ಹಾಡಿಯವರ ಚಿತ್ರಗಳು ಇಲ್ಲವೆಂದಲ್ಲ, ಬೇಕಾದಷ್ಟಿವೆ. ಪ್ರವಾಸದ ಕೈಪಿಡಿಗಳಲ್ಲಿ, ಕ್ಯಾಲೆಂಡರುಗಳಲ್ಲಿ, ಅಂತರ್ಜಾಲದಲ್ಲಿ ಸುಕ್ಕುಗಟ್ಟಿದ ಮುಖದ ಅಜ್ಜಿ, ಜೇನು ಬಿಡಿಸುವ ಯುವಕ, ಸಿಂಬಳದ ಮೂಗಿನ ಮಗು. ಕೆಳಗೆ ಬರೆದಿರುವುದು 'ಬುಡಕಟ್ಟು ಮಹಿಳೆ', 'ಕಾಡಿನ ಕುಡಿ' ಎಂದು. ಹೆಸರಿಲ್ಲ. ಚಿರತೆಗೆ ಹೆಸರಿದೆ, ಅದರ ಜೊತೆಗಾತಿಗೆ ಈಜಿಪ್ಟಿನ ರಾಣಿಯ ಹೆಸರೇ ಇದೆ. ಅಜ್ಜಿಗಿಲ್ಲ. ಒಂದು ಸಲ ಬಂದು, ಒಂದು ಗುಂಡಿ ಒತ್ತಿ, ಹೊರಟುಹೋದವರ ಚಿತ್ರಗಳಿವು. ಎರಡನೆಯ ಸಲ ಅದೇ ಅಜ್ಜಿಯ ಬಳಿಗೆ ಬಂದವರು ಎಷ್ಟು ಜನ? ಕಾಡಿನಿಂದ ಹೊರಬಂದು ಹುಣಸೂರು ತಾಲ್ಲೂಕಿನ ನಾಗಾಪುರದ ಪುನರ್ವಸತಿ ಕೇಂದ್ರದಲ್ಲಿ ನೆಲೆಸಿದ ಕುಟುಂಬಗಳ ಮೊದಲ ದಿನದ ಮುಖವನ್ನೂ ಇಪ್ಪತ್ತು ವರ್ಷಗಳ ನಂತರದ ಮುಖವನ್ನೂ ಒಬ್ಬರೇ ಛಾಯಾಗ್ರಾಹಕರು ಪಕ್ಕಪಕ್ಕದಲ್ಲಿ ಇಟ್ಟು ತೋರಿಸಿದ್ದರೆ, 2006ರ ಅರಣ್ಯ ಹಕ್ಕು ಕಾಯಿದೆಯ ಬಗ್ಗೆ ನಡೆಯುವ ಚರ್ಚೆಗಳಲ್ಲಿ ಅದೊಂದು ದೊಡ್ಡ ಸಾಕ್ಷ್ಯವಾಗುತ್ತಿತ್ತು.

ಹೊರಜಗತ್ತಿನ ಒಂದು ಉದಾಹರಣೆ. 1984ರಲ್ಲಿ ಪೇಶಾವರದ ಹತ್ತಿರದ ನಿರಾಶ್ರಿತರ ಶಿಬಿರದಲ್ಲಿ ಸ್ಟೀವ್ ಮೆಕ್‌ಕರ್ರಿ ಎಂಬ ಅಮೆರಿಕದ ಛಾಯಾಗ್ರಾಹಕ ಹಸಿರುಗಣ್ಣಿನ ಆಫ್ಘನ್ ಬಾಲಕಿಯ ಚಿತ್ರ ತೆಗೆದ. 1985ರ ಜೂನ್ ತಿಂಗಳ ನ್ಯಾಷನಲ್ ಜಿಯೋಗ್ರಾಫಿಕ್ ಪತ್ರಿಕೆಯ ಮುಖಪುಟದಲ್ಲಿ ಅದು ಬಂದು ಲೋಕಪ್ರಸಿದ್ಧವಾಯಿತು. ಆಕೆಯ ಹೆಸರು ಶರ್ಬತ್ ಗುಲಾ ಎಂಬುದು ಜಗತ್ತಿಗೆ ತಿಳಿದದ್ದು 2002ರಲ್ಲಿ, ಆತ ಮತ್ತೆ ಹುಡುಕಿಕೊಂಡು ಹೋದಾಗ. ಅಲ್ಲಿಯವರೆಗೆ ಹದಿನೇಳು ವರ್ಷ ಆಕೆಯ ಮುಖ ಎಲ್ಲರದೂ ಆಗಿತ್ತು.

ನಿಮ್ಮಲ್ಲಿ ಈಗ ಹಲವರ ಬಳಿ ಒಳ್ಳೆಯ ಕ್ಯಾಮೆರಾಗಳಿವೆ. ರಜೆಯಲ್ಲಿ ಊರಿಗೆ ಬಂದವರು ಕಬಿನಿಗೆ ಹೋಗಿ ಸಾವಿರಾರು ರೂಪಾಯಿ ತೆತ್ತು ಹುಲಿ ಚಿರತೆಗಳನ್ನು ಅರಸುತ್ತೀರಿ. ಬೇಡವೆನ್ನಲಾರೆ. ಅದರ ಜೊತೆಗೆ ಇನ್ನೊಂದು ಕೆಲಸ ಮಾಡಿ. ನಿಮ್ಮ ಜೊತೆ ಓದಿದ ಹಾಡಿಯ ಸಹಪಾಠಿ ಇದ್ದಾನಲ್ಲ, ಅವನ ಮನೆಗೆ ಹೋಗಿ. ಮೊದಲನೆಯ ಸಲ ಕ್ಯಾಮೆರಾ ಚೀಲದಿಂದ ಹೊರಬರುವುದು ಬೇಡ. ಒಪ್ಪಿದರೆ ವರ್ಷಕ್ಕೊಂದು ಚಿತ್ರ ತೆಗೆಯಿರಿ, ಒಪ್ಪದಿದ್ದರೆ ಚಹಾ ಕುಡಿದು ಬನ್ನಿ. ಎಲ್ಲಿ ನಿಲ್ಲಬೇಕು, ಯಾವ ಅಂಗಿ ತೊಡಬೇಕು, ಚಿತ್ರವನ್ನು ಯಾರಿಗೆ ತೋರಿಸಬಹುದು ಎಂಬುದನ್ನು ಅವನೇ ಹೇಳಲಿ.

"ಸಾರ್, ಅವರಿಗೆ ಮನೆ, ಜಮೀನು, ಹಕ್ಕುಪತ್ರ ಬೇಕು, ಫೋಟೋ ಯಾಕೆ?" ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಚಿತ್ರದಿಂದ ಹಕ್ಕುಪತ್ರ ಬಾರದು. ಆದರೆ ಹಕ್ಕುಪತ್ರದ ಅರ್ಜಿಗೆ ಅಂಟಿಸುವ ಪಾಸ್‌ಪೋರ್ಟ್ ಅಳತೆಯ ಚಿತ್ರವೊಂದನ್ನು ಬಿಟ್ಟರೆ ತಂದೆಯ ಮುಖ ಮನೆಯಲ್ಲಿ ಎಲ್ಲಿಯೂ ಇಲ್ಲದ ಕುಟುಂಬಗಳನ್ನು ನಾನು ಬಲ್ಲೆ. ತಿಥಿಯ ದಿನ ಅದನ್ನೇ ದೊಡ್ಡದು ಮಾಡಿಸಿ, ಮಸುಕಾದ ಮುಖಕ್ಕೆ ಹೂವಿನ ಹಾರ ಹಾಕುತ್ತಾರೆ.

ಚಿತ್ರವನ್ನು ಫೋನಿನಲ್ಲಿ ಕಳುಹಿಸಿ ಕೈತೊಳೆದುಕೊಳ್ಳಬೇಡಿ. ಫೋನು ಕೆಡುತ್ತದೆ, ಕಳೆದುಹೋಗುತ್ತದೆ. ಕಾಗದದ ಮೇಲೆ ಅಚ್ಚುಹಾಕಿಸಿ, ಅವರು ಒಪ್ಪಿದರೆ ಹಿಂಬದಿಯಲ್ಲಿ ಹೆಸರು, ಹಾಡಿ, ಇಸವಿ ಬರೆದು ಕೈಗೆ ಕೊಡಿ. ಹುಣಸೂರಿನಲ್ಲಿಯೂ ಕೃಷ್ಣರಾಜನಗರದಲ್ಲಿಯೂ ಇದನ್ನು ಮಾಡಿಕೊಡುವ ಅಂಗಡಿಗಳಿವೆ. ಅಚ್ಚುಹಾಕುವ ಹುಡುಗನಿಗೆ ಮಾತ್ರ ಮುಂಚಿತವಾಗಿಯೇ ಹೇಳಿಬಿಡಿ, ಮುಖವನ್ನು ಬೆಳ್ಳಗೆ ಮಾಡುವುದು ಬೇಡವೆಂದು. ಕೇಳದಿದ್ದರೂ ಮಾಡಿಬಿಡುತ್ತಾರೆ.