ಹರಿಯೋ ನೀರಿಗೂ ಕಾಲಿಡೋ ಹಾಗಿಲ್ಲ

ಕೊರಟಗೆರೆಯವರಾದ ನಮಗೆ ಹರಿಯೋ ನೀರು ಕಂಡ್ರೆ ಸಾಕು, ಚಪ್ಪಲಿ ಬಿಟ್ಟು ಇಳಿದುಬಿಡೋ ಆಸೆ. ಸುವರ್ಣಮುಖಿ, ಜಯಮಂಗಲಿ ಅಂತ ಹೆಸರೇನೋ ಚೆಂದ, ವರ್ಷದ ಬಹುಪಾಲು ನಮಗೆ ಕಾಣೋದು ಬರೀ ಮರಳು. ಹಾಗಾಗಿ ಈ ಬೇಸಿಗೇಲಿ ಮಂಗಳೂರಿನ ಮಗಳ ಮನೆಗೆ ಹೋದಾಗ, ಜೋಕಟ್ಟೆ ಹತ್ತಿರ ತೋಕೂರು ಹಳ್ಳ ಕಂಡಿದ್ದೇ ಸೀರೆ ಎತ್ತಿಕೊಂಡು ಹೊರಟೆ.

"ಅಯ್ಯೋ, ಇಳೀಬೇಡಿ ಅಮ್ಮ, ಮೈ ತುರಿಸ್ತದೆ!" ದಾರೀಲಿ ಹೋಗ್ತಿದ್ದ ಹೆಂಗಸು ಕೂಗಿದ್ರು. ಆಗ ಸರಿಯಾಗಿ ನೋಡಿದೆ. ನೀರು ಕಪ್ಪಗಿತ್ತು, ಮೂಗು ಮುಚ್ಚೋ ವಾಸನೆ. "ನಾವು ಸಣ್ಣದಿರುವಾಗ ಇದರಲ್ಲೇ ಮೀನು ಹಿಡಿದದ್ದು. ಈಗ ದನ ಕೂಡ ಮೂಸುವುದಿಲ್ಲ" ಅಂದ್ರು.

ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಅದರ ಮಗ್ಗುಲಲ್ಲೇ ಬೈಕಂಪಾಡಿ ಕೈಗಾರಿಕಾ ಪ್ರದೇಶ. ಈ ಹಳ್ಳ ಆ ಕಡೆಯಿಂದ ಬಂದು ಫಲ್ಗುಣಿ ಸೇರುತ್ತೆ. ಫಲ್ಗುಣಿ ಅಂದ್ರೆ ಗುರುಪುರ ನದಿ. ನೇತ್ರಾವತಿ ಜೊತೆ ಒಂದೇ ಅಳಿವೇಲಿ ಕಡಲಿಗೆ ಹೋಗುತ್ತೆ. ಕೊಳೆ ಬಿದ್ದ ನೀರಲ್ಲಿ ಆಮ್ಲಜನಕ ಕಮ್ಮಿಯಾಗಿ ಮೀನು ಸಾಯುತ್ತೆ. ಮಳೆಗಾಲದಲ್ಲಿ ಎಲ್ಲ ಕೊಚ್ಚಿಹೋಗಿ ಯಾರಿಗೂ ಕಾಣಲ್ಲ. ಬೇಸಿಗೇಲಿ ಹರಿವು ಕಮ್ಮಿ, ಭರತದ ಹೊತ್ತಲ್ಲಿ ಕಡಲ ನೀರು ಹಿಂದಕ್ಕೆ ಒತ್ತುತ್ತೆ, ಕೊಳೆ ಅಲ್ಲೇ ನಿಲ್ಲುತ್ತೆ.

ಕಾರ್ಖಾನೆಗಳನ್ನ ಬೈದು ಸುಮ್ಮನಾಗೋಣ ಅಂದ್ರೆ, ಅಳಿಯಂದಿರ ಸಂಬಳ ಬರೋದೂ ಅಂಥದ್ದೊಂದರಿಂದಲೇ. ರಾತ್ರಿ ಊಟಕ್ಕೆ ಕೂತಾಗ ಕೇಳೇಬಿಟ್ಟೆ. ಅವರು ತಟ್ಟೆ ನೋಡ್ತಾ, "ನೀರು ಶುದ್ಧ ಮಾಡೋ ಘಟಕ ಇರುತ್ತೆ ಅತ್ತೆ. ಅದನ್ನ ಓಡಿಸೋಕೆ ಕರೆಂಟು, ಕೆಮಿಕಲ್ಲು, ಆಳು ಎಲ್ಲಾ ಬೇಕು. ಖರ್ಚು ಉಳಿಸೋಕೆ ನಿಲ್ಲಿಸಿದ್ರೆ ಸೀದಾ ಹಳ್ಳಕ್ಕೇ" ಅಂದ್ರು. "ನಿಮ್ಮಲ್ಲಿ?" ಅಂದೆ. ಮಗಳು ಇನ್ನೊಂದು ಸೌಟು ಸಾರು ಹಾಕಿ ಮಾತು ಬದಲಾಯಿಸಿದಳು. ನಾನೂ ಮತ್ತೆ ಕೇಳಲಿಲ್ಲ. ಆ ಹೆಂಗಸಿನ ಮುಖ ಮಾತ್ರ ಕಣ್ಣಿಂದ ಹೋಗಲಿಲ್ಲ.

ಊರಿಗೆ ಬಂದ ಮಾರನೇ ದಿನ, ಕಸದ ಕವರ್ ಹಿಡಿದು ಹಿತ್ತಲ ಹಳ್ಳದ ಹತ್ತಿರ ನಿಂತೆ. ಒಣಗಿದ ಹಳ್ಳ ತಾನೇ ಅಂತ ಇಷ್ಟು ವರ್ಷ ಅಲ್ಲಿಗೇ ಎಸೆದಿದ್ದೀನಿ. ಒಂದು ಒಳ್ಳೆ ಮಳೆ ಬಂದ್ರೆ ಅದೂ ನದಿಗೇ ಹೋಗಬೇಕಲ್ವಾ? ಕವರ್ ವಾಪಸ್ ತಂದೆ. ಅಳಿಯಂದಿರನ್ನ ಮತ್ತೊಮ್ಮೆ ಕೇಳೋ ಧೈರ್ಯ ಇದರಿಂದಲಾದ್ರೂ ಬಂದೀತು.

ನಿಮ್ಮೂರ ಹಳ್ಳ ಹೇಗಿದೆ? ಬರೆದು ತಿಳಿಸಿ.